ಕಡಲ ತ್ರಿವಳಿ

ಅಮೆರಿಕದ ಜೀವವಿಜ್ಞಾನಿ, ಲೇಖಕಿ ರೇಚಲ್ ಕಾರ್ಸನ್ (1907–1964) ಸಮುದ್ರವನ್ನು ಕುರಿತು ಬರೆದ ಮೂರು ಗದ್ಯಕೃತಿಗಳು: ‘ಅಂಡರ್ ದ ಸೀ-ವಿಂಡ್’ (1941), ‘ದ ಸೀ ಅರೌಂಡ್ ಅಸ್’ (1951), ‘ದಿ ಎಡ್ಜ್ ಆಫ್ ದ ಸೀ’ (1955). ಸಾಹಿತ್ಯದಲ್ಲಿ ಕಡಲು ಬಹುಕಾಲ ಮನುಷ್ಯನ ಸಾಹಸದ ಬಯಲಾಗಿ ಅಥವಾ ಅವನ ಮನಸ್ಸಿನ ಪ್ರತಿಮೆಯಾಗಿ ಬಂದಿತ್ತು. ಕಾರ್ಸನ್ ಅದನ್ನು ಅಲ್ಲಿ ಬದುಕುವ ಜೀವಿಗಳ ಮನೆಯಾಗಿ ಕಂಡರು.

ಈ ದೃಷ್ಟಿ ಅತ್ಯಂತ ದಿಟ್ಟವಾಗಿ ಮೂಡಿರುವುದು ಮೊದಲ ಕೃತಿಯಲ್ಲಿ. ಬಂಗುಡೆಯ ಬಳಗದ ಮೀನು ಸ್ಕಾಂಬರ್, ಹಾವುಮೀನು ಆಂಗ್ವಿಲ, ಕೊಕ್ಕಿನಿಂದ ನೀರು ಸೀಳುತ್ತ ಹಾರುವ ಹಕ್ಕಿ ರಿಂಕಾಪ್ಸ್ ಇದರ ಮುಖ್ಯ ಪಾತ್ರಗಳು. ಈ ಹೆಸರುಗಳೆಲ್ಲ ಆಯಾ ಜೀವಿಯ ವೈಜ್ಞಾನಿಕ ಕುಲನಾಮಗಳೇ. ಮೊಟ್ಟೆಯಾಗಿ ತೇಲುವಾಗಲೇ ಸ್ಕಾಂಬರ್ ಹಲವು ಬಾಯಿಗಳಿಗೆ ಆಹಾರವಾಗಬಹುದು. ಬೆಳೆದ ಮೇಲೆ ತಾನೂ ಇತರ ಜೀವಿಗಳನ್ನು ತಿನ್ನುತ್ತದೆ. ಆಂಗ್ವಿಲ ಒಳನಾಡಿನ ಕೊಳದಿಂದ ಹೊರಟು ಮೊಟ್ಟೆಯಿಡಲು ಸರ್ಗಾಸೊ ಸಮುದ್ರ ಸೇರುತ್ತದೆ. ಇಲ್ಲಿ ಸಾವು ದುರಂತವಲ್ಲ, ಆಹಾರಸರಪಳಿಯ ಒಂದು ಕೊಂಡಿ. ಬಲೆ ಬೀಸುವ ಮನುಷ್ಯನೂ ಹಲವು ಬೇಟೆಗಾರರಲ್ಲಿ ಒಬ್ಬ ಮಾತ್ರ. ಪ್ರಾಣಿಗಳಿಗೆ ಮನುಷ್ಯರ ಮಾತು ತೊಡಿಸದೆ ಅವುಗಳ ಬಾಳನ್ನು ಕಥೆಯಾಗಿಸಿದ್ದು ದೊಡ್ಡ ಸಾಧನೆ. ಪುಸ್ತಕ ಹೊರಬಂದ ಕೆಲವೇ ವಾರಗಳಲ್ಲಿ ಅಮೆರಿಕ ಎರಡನೆಯ ಮಹಾಯುದ್ಧಕ್ಕಿಳಿದುದರಿಂದ ಅದಕ್ಕೆ ಸಲ್ಲಬೇಕಾದ ಓದುಗರು ಆಗ ಸಿಗಲಿಲ್ಲ.

ಎರಡನೆಯದು 1952ರ ನ್ಯಾಷನಲ್ ಬುಕ್ ಅವಾರ್ಡ್ ಪಡೆದು ಮನೆಮಾತಾಯಿತು. ಮೂರನೆಯದರ ವಸ್ತು ಅಟ್ಲಾಂಟಿಕ್ ತೀರದ ಬಂಡೆ, ಮರಳು, ಹವಳಗಳ ಜೀವಲೋಕ.

ತ್ರಿವಳಿಯ ಧ್ವನಿ ಬದಲಾದದ್ದು ‘ದ ಸೀ ಅರೌಂಡ್ ಅಸ್’ನ 1961ರ ಪರಿಷ್ಕೃತ ಆವೃತ್ತಿಯಲ್ಲಿ. ಅದರ ಹೊಸ ಮುನ್ನುಡಿಯಲ್ಲಿ ಕಾರ್ಸನ್, ಅಣುತ್ಯಾಜ್ಯವನ್ನು ಕಡಲಿಗೆ ಸುರಿಯುವುದರ ವಿರುದ್ಧ ನೇರವಾಗಿ ಎಚ್ಚರಿಸಿದರು. ಕೀಟನಾಶಕಗಳ ಹಾನಿಯನ್ನು ಬಯಲಿಗೆಳೆದ ‘ಸೈಲೆಂಟ್ ಸ್ಪ್ರಿಂಗ್’ ಮರುವರ್ಷ ಪ್ರಕಟವಾಯಿತು.