ಡಾಕ್ಟರ ಕಾಗದ, ಹ್ಯಾರಿಯೆಟ್ ಕಾಗದ

ಅಮೆರಿಕದ ದಕ್ಷಿಣದ ನಾರ್ತ್ ಕೆರೊಲಿನಾದಲ್ಲಿ ಈಡೆಂಟನ್ ಅಂತ ಒಂದು ಸಣ್ಣ ಊರು. 19ನೇ ಶತಮಾನದ ಮೊದಲರ್ಧದಲ್ಲಿ ಅಲ್ಲಿ ಜೇಮ್ಸ್ ನಾರ್ಕಮ್ ಎಂಬ ಡಾಕ್ಟರ್ ಇದ್ದ. ಓದಿದವನು, ಊರಲ್ಲಿ ಮರ್ಯಾದಸ್ಥ, ತುಂಬಿದ ಸಂಸಾರ. ಆ ಮನೆಯ ಕಾಗದಗಳು ಇವತ್ತಿಗೂ ಸರ್ಕಾರಿ ಪತ್ರಾಗಾರದಲ್ಲಿ ಭದ್ರವಾಗಿವೆ.

ಅದೇ ಮನೆಯಲ್ಲಿ ಹ್ಯಾರಿಯೆಟ್ ಜೇಕಬ್ಸ್ ಗುಲಾಮಳಾಗಿದ್ದಳು. 1825ರಲ್ಲಿ ಆಕೆಯ ಒಡತಿ ಸತ್ತಾಗ, ಉಯಿಲಿನಲ್ಲಿ ಆಕೆಯನ್ನು ಡಾಕ್ಟರ ಮಗಳ ಹೆಸರಿಗೆ ಬರೆದಿದ್ದಳು. ಹ್ಯಾರಿಯೆಟ್‌ಗೆ ಸುಮಾರು 12 ವರ್ಷ, ಹೊಸ ‘ಯಜಮಾನಿ’ಗೆ 3 ವರ್ಷ! ಹೊಲ, ಹಸು ಬರೆದುಕೊಡ್ತಾರಲ್ಲ, ಹಾಗೆ.

ಹುಡುಗಿ ದೊಡ್ಡವಳಾದಂತೆ ಡಾಕ್ಟರ ಕೆಟ್ಟ ಕಣ್ಣು ಬಿತ್ತು. ಆಕೆ ಅಕ್ಷರ ಕಲಿತಿದ್ದು ಗೊತ್ತಾದ ಮೇಲೆ ಚೀಟಿ ಬರೆದು ಕೈಗೆ ತುರುಕುತ್ತಿದ್ದ. ಓದೋಕೆ ಬರಲ್ಲ ಅಂತ ಹೇಳಿ ಆಕೆ ವಾಪಸ್ ಕೊಡ್ತಿದ್ದಳು.

1835ರಲ್ಲಿ ತಪ್ಪಿಸಿಕೊಂಡಳು. ಹಿಡಿದುಕೊಟ್ಟವರಿಗೆ 100 ಡಾಲರ್ ಅಂತ ಡಾಕ್ಟರ್ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದ. ಆಕೆ ಇದ್ದದ್ದು ಅದೇ ಊರಲ್ಲಿ, ಅಜ್ಜಿ ಮನೆಯ ಅಟ್ಟದಲ್ಲಿ. 9 ಅಡಿ ಉದ್ದ, 7 ಅಡಿ ಅಗಲ, ಎತ್ತರ ಬರೀ 3 ಅಡಿ. ನೆಟ್ಟಗೆ ನಿಲ್ಲೋಕೂ ಆಗದ ಆ ಜಾಗದಲ್ಲಿ ಹೆಚ್ಚುಕಡಿಮೆ 7 ವರ್ಷ. ಕೆಳಗೆ ತನ್ನ ಮಕ್ಕಳ ದನಿ ಕೇಳ್ತಿತ್ತು, ಕರೆಯುವ ಹಾಗಿರಲಿಲ್ಲ.

ಅಲ್ಲಿಂದಲೇ ಕಾಗದ ಬರೆದು, ನ್ಯೂಯಾರ್ಕ್‌ನಲ್ಲಿ ಅಂಚೆಗೆ ಹಾಕಿಸಿದಳು. ದೂರ ಓಡಿಹೋಗಿದ್ದಾಳೆ ಅಂತ ಡಾಕ್ಟರ್ ನಂಬಲಿ ಅಂತ. ಆತ ಏನು ಮಾಡಿದ ಗೊತ್ತಾ? ಅಜ್ಜಿಗೆ ಬಂದ ಕಾಗದ ಮುಚ್ಚಿಟ್ಟು, ಮೊಮ್ಮಗಳು ವಾಪಸ್ ಬರ್ತೀನಿ ಅಂತಿದ್ದಾಳೆ ಅನ್ನೋ ಸುಳ್ಳು ಕಾಗದ ತಾನೇ ಬರೆದು ತಂದು ಓದಿದ. ಹ್ಯಾರಿಯೆಟ್ ಮರೆಯಲ್ಲಿ ಕೂತು ಎಲ್ಲಾ ಕೇಳಿಸಿಕೊಂಡಳು!

1842ರಲ್ಲಿ ಗುಲಾಮಿ ಪದ್ಧತಿ ಇಲ್ಲದ ಉತ್ತರಕ್ಕೆ ದಾಟಿದಳು. 1861ರಲ್ಲಿ ಹೆಸರು ಬದಲಿಸಿಕೊಂಡು ತನ್ನ ಬದುಕನ್ನು ಪುಸ್ತಕ ಮಾಡಿದಳು. ಮುಂದೆ ಇತಿಹಾಸಕಾರರು ಏನಂದರು? ಇದು ಕಟ್ಟುಕತೆ, ಯಾರೋ ಬಿಳಿಯರು ಬರೆದಿದ್ದು ಅಂತ. 1981ರಲ್ಲಿ ಜೀನ್ ಫೇಗನ್ ಯೆಲಿನ್ ಎಂಬ ಸಂಶೋಧಕಿ, ಹ್ಯಾರಿಯೆಟ್ ಗೆಳತಿಗೆ ಬರೆದ ಕಾಗದಗಳನ್ನು ಮುಂದಿಟ್ಟು ಇದು ಆಕೆಯದೇ ಬರಹ ಅಂತ ತೋರಿಸಿದರು. ಆಕೆಯ ಮಾತು ನಂಬೋಕೆ 120 ವರ್ಷ ಬೇಕಾಯ್ತು.

ಜೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ಯನ್ನು ಗುಲಾಮಿ ಪದ್ಧತಿ ಕೊನೆಗೊಳಿಸಿದ ಅಮೆರಿಕದ ಜನರಿಗೆ ಅರ್ಪಿಸಿದ್ದು ಸುಮ್ಮನೆ ಅಲ್ಲ. ಅಲ್ಲಿಯ ನೋವು ಅವರಿಗೆ ಗುರುತು ಸಿಕ್ಕಿತ್ತು. ನಮ್ಮಲ್ಲೂ ಅಷ್ಟೇ: ಗೌಡ, ಶಾನುಭೋಗರ ಕಾಗದಕ್ಕೆ ಯಾರೂ ಸಾಕ್ಷಿ ಕೇಳಲ್ಲ. ಜೀತ ಮಾಡಿದ ನಮ್ಮವ್ವ ಬಾಯಿಬಿಟ್ಟರೆ ‘ದಾಖಲೆ ಎಲ್ಲಿ?’ ಅಂತಾರೆ.

ಅದಕ್ಕೇ ಹೇಳೋದು, ಟ್ರಂಕಿನಲ್ಲಿರೋ ಹಳೆ ಇನ್‌ಲ್ಯಾಂಡ್ ಲೆಟರ್, ಹಕ್ಕುಪತ್ರ, ಸಾಲದ ಚೀಟಿ ಯಾವುದನ್ನೂ ಒಲೆಗೆ ಹಾಕಬೇಡಿ. ಅವ್ವ, ಅಜ್ಜಿ ಹೇಳಿದ್ದನ್ನ ಬರೆದು, ಊರು, ತಾರೀಖು ಹಾಕಿ ಇಡಿ. ನಾವು ಬರೆದಿಡದಿದ್ದರೆ ಡಾಕ್ಟರ ಕಾಗದವೇ ಇತಿಹಾಸ ಆಗುತ್ತೆ.

ಜೈ ಭೀಮ್.