ಯುದ್ಧವಿದ್ಯೆಗಳ ಕ್ರಮದಲ್ಲಿ ಬರಿಗೈಯ ಸ್ಥಾನ

ಪ್ರಾಚೀನ ಯುದ್ಧವಿದ್ಯೆಗಳನ್ನು ಕುರಿತು ಬರೆಯುವವರು ಪಟ್ಟುಗಳ ಹೆಸರುಗಳನ್ನು ಪಟ್ಟಿಮಾಡಿ ತೃಪ್ತರಾಗುವುದುಂಟು. ಆ ಹೆಸರುಗಳನ್ನು ಯಾವ ಕ್ರಮದಲ್ಲಿ ಇರಿಸಲಾಗಿದೆ, ಆ ಕ್ರಮವು ಯಾರ ಪ್ರಯೋಜನಕ್ಕಾಗಿ ಏರ್ಪಟ್ಟಿತು ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ಒಂದೇ ಒಂದು ಅಂಶದಿಂದ ಪರೀಕ್ಷಿಸಬಹುದೆಂದು ನಮಗೆ ತೋರುತ್ತದೆ: ಆಯುಧವಿಲ್ಲದ ಕಾಳಗಕ್ಕೆ ಆಯಾ ಪದ್ಧತಿಯಲ್ಲಿ ದೊರೆತಿರುವ ಸ್ಥಾನ ಯಾವುದು?

ಅಗ್ನಿಪುರಾಣದ ಧನುರ್ವೇದ ಭಾಗವನ್ನು ಮೊದಲು ನೋಡೋಣ. ಅಲ್ಲಿ ಯುದ್ಧವು ಐದು ಬಗೆ. ಬಿಲ್ಲು, ಕವಣೆ ಮೊದಲಾದ ಸಾಧನಗಳಿಂದ ಬಿಡುವುದು ಯಂತ್ರಮುಕ್ತ, ಕಲ್ಲು, ತೋಮರಗಳಂತೆ ಕೈಯಿಂದಲೇ ಎಸೆಯುವುದು ಪಾಣಿಮುಕ್ತ, ಪ್ರಾಸದಂತೆ ಬಿಟ್ಟೂ ಹಿಡಿದೂ ಬಳಸುವುದು ಮುಕ್ತಸಂಧಾರಿತ, ಖಡ್ಗದಂತೆ ಕೈಬಿಡದೆ ಹಿಡಿದಿರುವುದು ಅಮುಕ್ತ, ಕಡೆಯದು ಬಾಹುಯುದ್ಧ. ಆಯುಧವು ಕೈಯಿಂದ ಎಷ್ಟು ದೂರ ಹೋಗಬಲ್ಲುದೆಂಬುದೇ ಈ ವಿಭಾಗದ ತಳಹದಿ. ಬಿಲ್ಲಿನ ಯುದ್ಧ ಶ್ರೇಷ್ಠ, ಪ್ರಾಸದ್ದು ಮಧ್ಯಮ, ಖಡ್ಗದ್ದು ಅಧಮ, ತೋಳಿನದು ಅದಕ್ಕಿಂತಲೂ ಕೆಳಗಿನದು ಎಂದು ಗ್ರಂಥವು ಸ್ಪಷ್ಟವಾಗಿ ಹೇಳುತ್ತದೆ. ಬಿಲ್ಲುಗಾರನ ನಿಲುವುಗಳಿಗಾದರೆ ಕಾಲುಗಳ ಅಂತರವನ್ನು ಸಹ ಅಳತೆಮಾಡಿ ಕೊಟ್ಟಿದೆ: ವೈಶಾಖಕ್ಕೆ ಮೂರು ಗೇಣು, ಮಂಡಲಕ್ಕೆ ನಾಲ್ಕು, ಆಲೀಢಕ್ಕೆ ಐದು. ಬಾಹುಯುದ್ಧಕ್ಕೆ ಬಂದೊಡನೆ ಬರಿಯ ಹೆಸರುಗಳ ಸಾಲು. ಇದು ಸೈನ್ಯವನ್ನು ನಿಲ್ಲಿಸುವವನ ದೃಷ್ಟಿಯೇ ಹೊರತು ಮಣ್ಣಿನಲ್ಲಿ ಹೊರಳಿದವನದಲ್ಲ.

ಕೇರಳದ ವಡಕ್ಕನ್ ಕಳರಿಯಲ್ಲಿಯೂ ಬರಿಗೈ ಕಡೆಯದೇ. ಆದರೆ ಕಾರಣ ತಲೆಕೆಳಗು. ಮೆಯ್ತಾರಿಯಲ್ಲಿ ಮೈಯನ್ನು ಪಳಗಿಸಿದ ಮೇಲೆ ಕೋಲ್ತಾರಿ, ಅಂದರೆ ಮರದ ಕೋಲುಗಳು. ಅನಂತರ ಅಂಗತಾರಿಯಲ್ಲಿ ಕಠಾರಿ, ಖಡ್ಗ, ಉರುಮಿ. ಇವೆಲ್ಲ ಆದ ಮೇಲೆ ವೆರುಂಕೈ. ಈ ಹಂತವು ಮರ್ಮಸ್ಥಾನಗಳ ಜ್ಞಾನದೊಡನೆ ಕೂಡಿಕೊಂಡಿರುವುದರಿಂದ ಶಿಷ್ಯನ ನಡತೆಯನ್ನು ಬಹುಕಾಲ ನೋಡಿದ ಗುರುಕ್ಕಳು ಮಾತ್ರ ಅದನ್ನು ತೆರೆಯುತ್ತಾರೆ. ಒಂದು ಕಡೆ ಕೀಳೆಂದು ಕೊನೆಗೆ ತಳ್ಳಿದುದನ್ನು ಇನ್ನೊಂದು ಕಡೆ ಮೇಲೆಂದು ಕೊನೆಯವರೆಗೆ ಕಾಯ್ದಿರಿಸಿದೆ. ಅದೇ ನಾಡಿನ ತೆಕ್ಕನ್ ಪದ್ಧತಿಯು ಬರಿಗೈಯಿಂದಲೇ ಪಾಠವನ್ನು ಆರಂಭಿಸುತ್ತದೆಂಬುದನ್ನೂ ಗಮನಿಸತಕ್ಕದ್ದು.

ಆಯುಧವನ್ನೇ ಬಿಟ್ಟುಬಿಟ್ಟ ಪದ್ಧತಿಯಲ್ಲಿ ಈ ತರತಮವು ಒಳಕ್ಕೆ ತಿರುಗುತ್ತದೆ. ಜಪಾನಿನಲ್ಲಿ 1882ರಲ್ಲಿ ಕೊಡೊಕಾನ್ ಜೂಡೊ ಶಾಲೆಯನ್ನು ಸ್ಥಾಪಿಸಿದ ಕಾನೊ ಜಿಗೊರೊ ವೃತ್ತಿಯಿಂದ ಶಿಕ್ಷಣವೇತ್ತ. 1895ರಲ್ಲಿ ಗೊಕ್ಯೊ ಎಂಬ ಹೆಸರಿನಿಂದ 42 ಕೆಡಹುವ ಪಟ್ಟುಗಳನ್ನು ಐದು ಗುಂಪುಗಳಾಗಿ ಜೋಡಿಸಲಾಯಿತು. 1920ರಲ್ಲಿ ಅವನ್ನು ಪರಿಷ್ಕರಿಸಿ ಗುಂಪಿಗೆ ಎಂಟರಂತೆ 40ಕ್ಕೆ ನಿಲ್ಲಿಸಲಾಯಿತು. ಕೈ, ಸೊಂಟ, ಕಾಲು ಎಂಬ ಅಂಗವಿಭಾಗವೂ ಆ ವಿದ್ಯೆಯಲ್ಲಿ ಬೇರೆಯಾಗಿ ಉಂಟು. ಆದರೆ ಗೊಕ್ಯೊ ಅದನ್ನು ಅನುಸರಿಸದೆ ಕಲಿಯುವವನ ಅನುಕೂಲವನ್ನು ಅನುಸರಿಸುತ್ತದೆ. ಇದು ಶಾಲಾ ಮಾಸ್ತರರ ಕ್ರಮ.

ಈಗ ನಮ್ಮ ನಾಡಿನ ಗ್ರಂಥಕ್ಕೆ ಬರೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ (1129) ಮಲ್ಲಯುದ್ಧವನ್ನು ಇರಿಸಿರುವುದು ವಿನೋದಗಳ ವಿಂಶತಿಯಲ್ಲಿ, ಕೋಳಿ ಟಗರುಗಳ ಕಾಳಗಗಳ ಸಾಲಿನಲ್ಲಿ. ಅಲ್ಲಿ ವರ್ಗೀಕರಣಗೊಂಡಿರುವುದು ಪಟ್ಟುಗಳಲ್ಲ, ಮನುಷ್ಯರು: ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು. ಅವರ ವಯಸ್ಸು, ಮೈಕಟ್ಟು, ಬಲ, ಆಹಾರ, ವ್ಯಾಯಾಮ ಇವುಗಳ ಬಗ್ಗೆ ದೊರೆಗೆ ಇರುವ ಆಸ್ಥೆ ಪಟ್ಟುಗಳ ಬಗ್ಗೆ ಇಲ್ಲ. ಅವಕ್ಕೆ ಹೆಸರುಂಟು, ವಿವರಣೆಯಿಲ್ಲ. ಹೀಗಿರುವಲ್ಲಿ ಈ ಹೆಸರುಗಳಿಂದ ಚಾಲುಕ್ಯರ ಕಾಲದ ಕುಸ್ತಿಯನ್ನು ಪುನಾರಚಿಸಹೊರಡುವುದು ಸಾಹಸವಾದೀತು. ಮಲ್ಲರನ್ನು ಸಾಕುವ ಅರಮನೆಯ ವ್ಯವಸ್ಥೆಯನ್ನಾದರೋ ಅದು ನಿಚ್ಚಳವಾಗಿ ತಿಳಿಸುತ್ತದೆ.

ಮಲ್ಲರ ಸ್ವಂತ ಕ್ರಮವನ್ನು ಹುಡುಕಬೇಕಾದರೆ ಗರಡಿಗೆ ಹೋಗಬೇಕು. ಕನ್ನಡದಲ್ಲಿ ‘ವರಸೆ’ ಎಂದರೆ ಸಾಲು ಎಂದೂ ಅರ್ಥ, ಕಾಳಗದ ಕೈಚಳಕ ಎಂದೂ ಅರ್ಥ. ಸಂಗೀತ ಕಲಿಯುವ ಮಗು ಸರಳೆ ವರಸೆಯಿಂದ ಜಂಟಿ ವರಸೆಗೆ ಸಾಗುವಾಗ ಕೇಳುವುದೂ ಇದೇ ಮಾತನ್ನು. ಹಳೆಯ ಉಸ್ತಾದರಿಂದ ಪಟ್ಟುಗಳ ಹೆಸರನ್ನು ಬರೆದುಕೊಳ್ಳುವ ವಿದ್ಯಾರ್ಥಿಗಳು ಯಾವುದಾದ ಮೇಲೆ ಯಾವುದನ್ನು ಹೇಳಿಕೊಡುತ್ತಾರೆಂಬುದನ್ನೂ ಬರೆದುಕೊಂಡರೆ ‘ಮಾನಸೋಲ್ಲಾಸ’ವು ಬಿಟ್ಟುಹೋದ ಭಾಗವು ಸ್ವಲ್ಪಮಟ್ಟಿಗಾದರೂ ಕೈಗೆ ಬಂದೀತು.