ನಾಡು ಒಂದಾಗುವ ಮೊದಲೇ ಬಂದ ಹಾಡು

ಪ್ರತಿ ನವೆಂಬರ್‌ನಲ್ಲಿ ನಮ್ಮ ಕನ್ನಡ ಶಾಲೆಯ ಮಕ್ಕಳು ಹಾಡುವ ‘ಉದಯವಾಗಲಿ’ ಗೀತೆಗೆ ನೂರು ವರ್ಷ ದಾಟಿದೆ. ಗದಗಿನ ಹುಯಿಲಗೋಳ ನಾರಾಯಣರಾಯರು ಬರೆದ ಈ ಗೀತೆಯನ್ನು 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಲಾಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಏಕೈಕ ಅಧಿವೇಶನ ಅದು.

ಆಗ ಭೂಪಟದಲ್ಲಿ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ ಮುಂಬಯಿ ಪ್ರಾಂತ್ಯದಲ್ಲಿದ್ದವು. ಮಂಗಳೂರು, ಬಳ್ಳಾರಿ ಮದ್ರಾಸಿಗೆ ಸೇರಿದ್ದವು. ಬೀದರ್, ಕಲಬುರಗಿ, ರಾಯಚೂರುಗಳನ್ನು ಹೈದರಾಬಾದಿನ ನಿಜಾಮರು ಆಳುತ್ತಿದ್ದರು. ಅಲ್ಲಿ ಆಡಳಿತದ ಭಾಷೆ ಉರ್ದು. ಮೈಸೂರು ಮಹಾರಾಜರದು, ಕೊಡಗು ಬೇರೆಯೇ.

ಇಷ್ಟು ಚೂರಾದ ನಾಡನ್ನು ಕಂಡು ಕವಿ ಗೋಳಾಡಬಹುದಿತ್ತು, ಆಳುವವರನ್ನು ಬೈಯಬಹುದಿತ್ತು. ಎರಡನ್ನೂ ಮಾಡದೆ ‘ಆಗಲಿ’ ಎಂದರು. ವ್ಯಾಕರಣದಲ್ಲಿ ಇದು ವಿಧ್ಯರ್ಥಕ ರೂಪ. ಫೋನ್ ಇಡುವ ಮುಂಚೆ ನನ್ನ ಅಜ್ಜಿ ‘ಒಳ್ಳೇದಾಗ್ಲಿ’ ಅನ್ನುತ್ತಾರಲ್ಲ, ಅದೇ ರೂಪ. ಅದರಲ್ಲಿ ಅಪ್ಪಣೆಯಿಲ್ಲ, ಬೇಡುವ ದನಿಯೂ ಇಲ್ಲ. ‘ಉದಯ’ ಎಂಬ ಪದವನ್ನೂ ಗಮನಿಸಬೇಕು. ರಾತ್ರಿಯಲ್ಲೂ ಸೂರ್ಯ ಇದ್ದೇ ಇರುತ್ತಾನೆ, ನಮಗೆ ಕಾಣುವುದಿಲ್ಲ ಅಷ್ಟೆ. ಹಾಗೆಯೇ ನಾಡು ಮೊದಲಿನಿಂದಲೂ ಇದೆ, ಇನ್ನು ಕಾಣಿಸಿಕೊಳ್ಳಬೇಕು ಎಂಬ ಧೈರ್ಯ ಆ ಪದದಲ್ಲಿದೆ.

ಮುಂದಿನ ನುಡಿಗಳಲ್ಲಿ ಹಾರೈಕೆ ಕಡಿಮೆ, ಹೆಸರುಗಳೇ ಹೆಚ್ಚು: ಹನುಮ, ಜಕ್ಕಣ, ಕೃಷ್ಣೆ, ಭೀಮೆ, ಕಾವೇರಿ, ಗೋದೆ. ಚಿಕ್ಕವಳಿದ್ದಾಗ ನನಗೆ ಇದು ಬರೀ ಬಾಯಿಪಾಠದ ಪಟ್ಟಿಯಾಗಿತ್ತು. ಈ ಪ್ರಬಂಧಕ್ಕಾಗಿ ಹಳೆಯ ಭೂಪಟದ ಮೇಲೆ ಬೆರಳಿಟ್ಟು ನೋಡಿದಾಗ ಮೈ ಜುಮ್ಮೆಂದಿತು. ಕಾವೇರಿ ಕೊಡಗಿನಲ್ಲಿ ಹುಟ್ಟಿ ಮೈಸೂರನ್ನು ದಾಟಿ ಮದ್ರಾಸ್ ಪ್ರಾಂತ್ಯಕ್ಕೆ ಹೋಗುತ್ತಾಳೆ. ಕೃಷ್ಣೆ ಮುಂಬಯಿ ಪ್ರಾಂತ್ಯದಿಂದ ನಿಜಾಮರ ಸೀಮೆಗೆ ಇಳಿಯುತ್ತಾಳೆ. ಸರ್ಕಾರ ಎಳೆದ ಗೆರೆಗಳನ್ನು ನದಿಗಳು ಕೇಳುವುದಿಲ್ಲ. ಇಂದಿನ ಕರ್ನಾಟಕದಲ್ಲಿ ಗೋದಾವರಿ ಹರಿಯುವುದಿಲ್ಲ, ಆದರೂ ಹಾಡಿನಲ್ಲಿದ್ದಾಳೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸಿತ್ತು. ಸಾವಿರ ವರ್ಷ ಹಿಂದಿನ ಆ ನೆನಪೇ ಕವಿಯ ಭರವಸೆಗೆ ಆಧಾರವಾಯಿತು ಎಂದು ನನಗನಿಸುತ್ತದೆ.

1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದವು. ಎಲ್ಲವೂ ಅಲ್ಲ, ಕಾಸರಗೋಡು ಕೇರಳಕ್ಕೆ ಹೋಯಿತು. ಹೊಸ ರಾಜ್ಯದ ಹೆಸರೂ ‘ಮೈಸೂರು’ ಎಂದೇ ಉಳಿಯಿತು. ಅದು ‘ಕರ್ನಾಟಕ’ ಆದದ್ದು 1973ರಲ್ಲಿ. ನಾರಾಯಣರಾಯರು ಅದಕ್ಕೆ ಎರಡು ವರ್ಷ ಮೊದಲೇ, 1971ರಲ್ಲಿ ತೀರಿಕೊಂಡಿದ್ದರು.